ದತ್ತು ಮತ್ತು ಸಾಕು: ಎರಡು ಮಾತುಗಳ ನಡುವಿನ ದಾರಿ

ಹೆರದ ಮಗುವನ್ನು ಮನೆಗೆ ತಂದುಕೊಂಡರೆ ಅದನ್ನು ಕರೆಯಲು ಕನ್ನಡದಲ್ಲಿ ಎರಡು ಮಾತುಗಳಿವೆ: ದತ್ತುಮಗ, ಸಾಕುಮಗ. ಕೇಳುವುದಕ್ಕೆ ಒಂದೇ ಅನ್ನಿಸಿದರೂ ಹಿರಿಯರ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ. ದತ್ತುಮಗನಿಗೆ ಹೊಲಮನೆ, ಗೋತ್ರ, ಪಿಂಡ ಹಾಕುವ ಹಕ್ಕು. ಸಾಕುಮಗನಿಗೆ ಅನ್ನ, ಬಟ್ಟೆ, ಸಾಕಿದವರ ಮನಸ್ಸು ದೊಡ್ಡದಿದ್ದರೆ ಒಂದಿಷ್ಟು ಅಕ್ಕರೆ. ಒಂದು ಕಾನೂನು, ಇನ್ನೊಂದು ಕರುಣೆ. ಇನ್ನೂರು ವರ್ಷಗಳಲ್ಲಿ ನಮ್ಮ ದತ್ತು ವ್ಯವಸ್ಥೆ ನಡೆದುಬಂದದ್ದನ್ನು ನೋಡಿದರೆ, ಈ ಎರಡು ಮಾತುಗಳು ನಿಧಾನಕ್ಕೆ ಒಂದರ ಹತ್ತಿರ ಒಂದು ಬಂದದ್ದು ಕಾಣುತ್ತದೆ.

ವಂಶಕ್ಕೊಬ್ಬ ಮಗ

ಧರ್ಮಶಾಸ್ತ್ರಗಳು ಹನ್ನೆರಡು ಬಗೆಯ ಪುತ್ರರನ್ನು ಎಣಿಸುತ್ತವೆ, ದತ್ತಕ ಅವರಲ್ಲೊಬ್ಬ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವನ್ನು ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಹಿಂದೂ ಕುಟುಂಬದ ವ್ಯಾಜ್ಯಗಳಿಗೆ ಆಧಾರವಾಗಿ ಇಟ್ಟುಕೊಂಡಿದ್ದವು. ಈ ಪರಂಪರೆಯಲ್ಲಿ ‘ದತ್ತ’ ಎಂದರೆ ಕೊಟ್ಟದ್ದು. ಕೊಡಬೇಕಾದವರು ಹೆತ್ತವರೇ. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವನ್ನು ಶಾಸ್ತ್ರಪ್ರಕಾರ ದತ್ತು ಪಡೆಯುವಂತೆಯೇ ಇರಲಿಲ್ಲ. ಯಾರಿಗೆ ಮನೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ ಬಾಗಿಲು ಮುಚ್ಚಿತ್ತು. ಯಾಕೆಂದರೆ ಆ ಬಾಗಿಲನ್ನು ಇಟ್ಟದ್ದು ಮಗುವಿಗಾಗಿ ಅಲ್ಲ, ಮನೆತನಕ್ಕಾಗಿ.

ಈ ಮನೆತನದ ಪ್ರಶ್ನೆ ಎಷ್ಟು ದೊಡ್ಡದಿತ್ತೆಂಬುದಕ್ಕೆ ಕನ್ನಡನಾಡೇ ಸಾಕ್ಷಿ. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪದೆ ಹೋದಾಗ ಚೆನ್ನಮ್ಮ ಕತ್ತಿ ಹಿಡಿದಳು. ಆ ಅಕ್ಟೋಬರ್ 23ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. 1858ರ ನರಗುಂದದ ಬಂಡಾಯದ ಹಿಂದೆಯೂ ಅಲ್ಲಿನ ದೊರೆ ಬಾಬಾಸಾಹೇಬನ ದತ್ತಕಕ್ಕೆ ಸಿಗದ ಅನುಮತಿಯೇ ಇತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜರನ್ನು ದತ್ತು ತೆಗೆದುಕೊಂಡರು. ಅದಕ್ಕೆ ಬ್ರಿಟಿಷರ ಒಪ್ಪಿಗೆ ಬಂದದ್ದು 1867ರಲ್ಲಿ, ರಾಜ್ಯ ಕೈಗೆ ಮರಳಿದ್ದು 1881ರಲ್ಲಿ. ಮೂರೂ ಕಡೆ ಮಗು ನೆಪ, ಗದ್ದುಗೆ ವಿಷಯ.

ಹಿಂದೂಯೇತರರಿಗೆ ಇದೂ ಇರಲಿಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳು ಮಗುವಿಗೆ ಪಾಲಕರಾಗಬಹುದಿತ್ತೇ ಹೊರತು ತಂದೆತಾಯಿ ಆಗುವಂತಿರಲಿಲ್ಲ. ಮಗು ಬೆಳೆದು ದೊಡ್ಡದಾದ ಮೇಲೆ ಆ ಸಂಬಂಧಕ್ಕೆ ಕಾನೂನಿನಲ್ಲಿ ಹೆಸರಿರಲಿಲ್ಲ. ಸಾಕುಮಗನ ಪಾಡೇ ಸರ್ಕಾರಿ ಮೊಹರು ಹಾಕಿಸಿಕೊಂಡು ಬಂದಂತಿತ್ತು ಅದು.

ಬಾಗಿಲು ತೆರೆದದ್ದು

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮೊದಲ ದೊಡ್ಡ ತಿರುವು. ಹೆಣ್ಣುಮಗುವನ್ನೂ ದತ್ತು ಪಡೆಯಬಹುದು, ಮದುವೆಯಾಗದವಳೂ ವಿಧವೆಯೂ ತಮ್ಮ ಹೆಸರಿನಲ್ಲೇ ಪಡೆಯಬಹುದು ಎಂದಾಯಿತು. ಗಂಡನಿರುವ ಹೆಂಗಸಿಗೆ ಮಾತ್ರ ಆ ಹಕ್ಕು ಬರಲು 2010ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇನ್ನು, ಹೆತ್ತವರು ತೊರೆದ, ಯಾರ ಮಗುವೆಂದೇ ಗೊತ್ತಿಲ್ಲದ ಕೂಸನ್ನು ನ್ಯಾಯಾಲಯದ ಅನುಮತಿ ಪಡೆದು ಪಾಲಕರು ದತ್ತು ಕೊಡಬಹುದೆಂಬ ಮಾತು ಈ ಕಾಯ್ದೆಗೆ ಸೇರಿದ್ದು 1962ರಲ್ಲಿ. ಆ ಸಣ್ಣ ತಿದ್ದುಪಡಿಯಿಂದ ತೊಟ್ಟಿಲಲ್ಲಿ, ಗುಡಿಯ ಜಗಲಿಯಲ್ಲಿ ಸಿಕ್ಕ ಮಗುವಿಗೂ ಮನೆಯ ದಾರಿ ತೆರೆಯಿತು.

ಎಲ್ಲ ಧರ್ಮದವರಿಗೂ ಒಂದೇ ದತ್ತು ಕಾನೂನು ತರುವ ಮಸೂದೆ 1972ರಲ್ಲೂ 1980ರಲ್ಲೂ ಬಂದು ಕಾಯ್ದೆಯಾಗದೆ ಹೋಯಿತು. ಈ ನಡುವೆ ಮಕ್ಕಳು ವಿದೇಶಕ್ಕೆ ಹೋಗುವುದು ಹೆಚ್ಚಿ, ಅದರೊಳಗೆ ಹಣದ ವ್ಯವಹಾರ ನುಸುಳಿತು. ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಬರೆದ ಒಂದು ಪತ್ರವೇ ಅರ್ಜಿಯಾಯಿತು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಇದಕ್ಕೆಲ್ಲ ನಿಯಮಗಳನ್ನು ಹಾಕಿ, ಮಗುವಿಗೆ ಮೊದಲು ದೇಶದೊಳಗೇ ಮನೆ ಹುಡುಕಬೇಕೆಂದಿತು. ಅದರ ಫಲವಾಗಿ 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ‘ಕಾರಾ’ ಹುಟ್ಟಿತು. ಅಂತರದೇಶೀಯ ದತ್ತು ಕುರಿತ ಹೇಗ್ ಒಡಂಬಡಿಕೆಯನ್ನು ಭಾರತ 2003ರಲ್ಲಿ ಅನುಮೋದಿಸಿತು.

ಧರ್ಮದ ಗೋಡೆ ದಾಟಿಸಿದ್ದು ಬಾಲನ್ಯಾಯ ಕಾಯ್ದೆ. 2000ದ ಕಾಯ್ದೆ ಹಾಗೂ 2006ರ ತಿದ್ದುಪಡಿಯಿಂದ ಯಾವ ಧರ್ಮದವರಾದರೂ ದತ್ತು ತಂದೆತಾಯಿ ಆಗಬಹುದೆಂದಾಯಿತು. ಶಬ್ನಂ ಹಾಶ್ಮಿ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2015ರ ಹೊಸ ಕಾಯ್ದೆ ‘ಕಾರಾ’ಕ್ಕೆ ಶಾಸನದ ಬಲ ಕೊಟ್ಟಿತು. ದತ್ತು ಕೊಡುವಾಗ ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನೂ ಗಮನಿಸಬೇಕೆಂದಿತು. ಕೊಡುವವರು, ಪಡೆಯುವವರು ಮಾತ್ರ ಮಾತಾಡುತ್ತಿದ್ದ ಪಡಸಾಲೆಯಲ್ಲಿ ಮಗುವಿಗೂ ಒಂದು ಮಾತು ಸಿಕ್ಕಿತು.

ಸರತಿ ಸಾಲು

ಈಗ ದತ್ತು ಬೇಕಾದವರು ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಸರತಿ ಬಂದಾಗ ಮಗುವಿನ ಫೋಟೋ, ಆರೋಗ್ಯದ ವಿವರ ಬರುತ್ತದೆ. ಕಾಯುತ್ತಿರುವವರ ಬಾಯಲ್ಲಿ ಇದಕ್ಕೆ ‘ರೆಫರಲ್’ ಎಂದೇ ಹೆಸರು. 48 ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು. ಎರಡು ವರ್ಷದೊಳಗಿನ ಮಗುವಿಗಾದರೆ ಗಂಡಹೆಂಡಿರ ಒಟ್ಟು ವಯಸ್ಸು 85 ಮೀರಬಾರದು. ಒಂಟಿ ಹೆಂಗಸು ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಗಂಡಸು ಹೆಣ್ಣುಮಗುವನ್ನು ಪಡೆಯುವಂತಿಲ್ಲ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಮಗು ಮನೆ ಸೇರಿದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಿಕೊಂಡು ಹೋಗುತ್ತಾರೆ.

ಇಷ್ಟೆಲ್ಲ ಬಿಗಿ ಯಾಕೆಂದು ಗೊಣಗುವವರಿದ್ದಾರೆ. 2021ರಲ್ಲಿ ಕೋವಿಡ್ ಹೆತ್ತವರನ್ನು ಕಿತ್ತುಕೊಂಡಾಗ ವಾಟ್ಸಾಪಿನಲ್ಲಿ ‘ಈ ಮಕ್ಕಳನ್ನು ದತ್ತು ತಗೊಳ್ಳಿ’ ಎಂಬ ಸಂದೇಶಗಳು ಹರಿದಾಡಿದ್ದು ನೆನಪಿರಬೇಕು. ಅಂಥ ಅಕ್ರಮ ದತ್ತುಗಳ ವಿರುದ್ಧ ಕ್ರಮಕ್ಕೆ ಸುಪ್ರೀಂ ಕೋರ್ಟೇ ಸೂಚಿಸಬೇಕಾಯಿತು. ಕನಿಕರದ ಮುಖವಾಡ ಹಾಕಿಕೊಂಡೇ ಮಕ್ಕಳ ಮಾರಾಟ ನಡೆಯುತ್ತದೆ. ಹೆತ್ತ ತಾಯಿ ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಿಸಲು ಅವಳಿಗೆ 60 ದಿನ ಬಿಡುವುದು ಇದೇ ಎಚ್ಚರದಿಂದ. ಈ ಎಚ್ಚರ ಎಲ್ಲ ಕಾನೂನಿನಲ್ಲೂ ಒಂದೇ ಸಮನಾಗಿರಲಿಲ್ಲ ಎಂಬುದೂ ನಿಜ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ದತ್ತುತಾಯಿಗೆ 12 ವಾರ ರಜೆ ಕೊಟ್ಟಿತು; ಆದರೆ ಆ ತಿದ್ದುಪಡಿಯಂತೆ ಅದು ಸಿಗುತ್ತಿದ್ದದ್ದು ಮಗು ಮೂರು ತಿಂಗಳೊಳಗಿನದಿದ್ದರೆ ಮಾತ್ರ. 60 ದಿನ, ಅದರ ಮೇಲೆ ಕಾಗದಪತ್ರಗಳ ಓಡಾಟ ಕಳೆದು ಅಷ್ಟು ಎಳೆಯ ಮಗು ಮನೆಗೆ ಬರುವುದೇ ಅಪರೂಪವಾಗಿತ್ತು.

2024–25ರಲ್ಲಿ ದೇಶದಲ್ಲಿ 4,515 ಮಕ್ಕಳು ದತ್ತುಮನೆ ಸೇರಿದರು. ಹಲವು ವರ್ಷಗಳಿಂದ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚು ದತ್ತು ಹೋಗುತ್ತಿದ್ದಾರೆ; ‘ಪುತ್ರ’ನಿಗಾಗಿಯೇ ಹುಟ್ಟಿದ ಪದ್ಧತಿಗೆ ಇದು ಸಣ್ಣ ಬದಲಾವಣೆಯಲ್ಲ. ಸಾಲಿನಲ್ಲಿ ಕಾಯುತ್ತಿರುವವರು ಮಾತ್ರ ಮೂವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹಳ ಮಂದಿಗೆ ಬೇಕಾದದ್ದು ಕೈಕೂಸು, ಆರೋಗ್ಯವಂತ ಕೂಸು.

ಸಾಕುವವರ ಸರದಿ

ಆ ಸಾಲು ಎಷ್ಟೇ ಉದ್ದವಿದ್ದರೂ ಎಂಟು, ಹತ್ತು, ಹನ್ನೆರಡು ವರ್ಷದ ಮಕ್ಕಳು ಬಾಲಮಂದಿರಗಳಲ್ಲೇ ಉಳಿಯುತ್ತಾರೆ. ಕೆಲವರಿಗೆ ಹೆತ್ತವರಿದ್ದಾರೆ, ಕಾಯಿಲೆಯೋ ಜೈಲೋ ಬಡತನವೋ ಅವರನ್ನು ದೂರವಿಟ್ಟಿರುತ್ತದೆ. ಇಂಥ ಮಕ್ಕಳನ್ನು ದತ್ತು ಕೊಡಲಾಗದು, ಸಾಕಬಹುದು. 2015ರ ಕಾಯ್ದೆ ಇದನ್ನು ಪೋಷಕತ್ವ ಎಂದು ಗುರುತಿಸಿತು. ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಒಂದು ಕುಟುಂಬಕ್ಕೆ ಒಪ್ಪಿಸುತ್ತದೆ, ಆಗಾಗ ಪರಿಶೀಲಿಸುತ್ತದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ. 2024ರ ಮಾರ್ಗಸೂಚಿ ಒಂಟಿಯಾಗಿರುವವರೂ ಆರು ವರ್ಷ ದಾಟಿದ ಮಕ್ಕಳನ್ನು ಹೀಗೆ ಸಾಕಬಹುದೆಂದಿತು. ಅಂಥ ಮಗು ದತ್ತುವಿಗೆ ಅರ್ಹವಾದರೆ, ಎರಡು ವರ್ಷ ಸಾಕಿದವರೇ ಅದನ್ನು ದತ್ತು ಪಡೆಯಲೂ ಬಹುದು. ಹಿಂದೆ ಇದಕ್ಕೆ ಐದು ವರ್ಷ ಬೇಕಿತ್ತು.

ಸಾಕುಮಗ ದತ್ತುಮಗನಾಗಲು ಕಾನೂನು ಕೊನೆಗೂ ಒಂದು ದಾರಿ ಹಾಕಿದೆ. ಆದರೆ ಸಾಕುವುದು ದತ್ತು ಪಡೆಯುವುದಕ್ಕಿಂತ ಕಷ್ಟದ ಕೆಲಸ. ಮಗು ಹಳೆಯ ಮನೆಯ ನೆನಪು, ಹಳೆಯ ಅಮ್ಮ, ಹಳೆಯ ಸಿಟ್ಟು ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ಒಂದು ದಿನ ಹೆತ್ತವರ ಬಳಿಗೆ ಮರಳಿದರೂ ಮರಳೀತು. ‘ನಮ್ಮದು’ ಎನ್ನುವ ಮಾತನ್ನು ಬಾಯಲ್ಲೇ ಹಿಡಿದಿಟ್ಟುಕೊಂಡು ಅನ್ನ ಕಲಸಿ ಉಣಿಸಬೇಕು. ಹಳ್ಳಿಗಳಲ್ಲಿ ಸತ್ತ ಅಕ್ಕನ ಮಕ್ಕಳನ್ನು ಬೆಳೆಸಿದ ಚಿಕ್ಕಮ್ಮಂದಿರು, ಮೊಮ್ಮಕ್ಕಳನ್ನು ದಡ ಸೇರಿಸಿದ ಅಜ್ಜಿಯರು ಯಾವ ಮಾರ್ಗಸೂಚಿಯೂ ಇಲ್ಲದೆ ಇದನ್ನು ಮಾಡುತ್ತ ಬಂದಿದ್ದಾರೆ. ಈಗ ಕೇಳುತ್ತಿರುವುದು ನಂಟಿಲ್ಲದವರೂ ಅದನ್ನು ಮಾಡಬಲ್ಲರೇ ಎಂದು.

ಮನೆತನಕ್ಕೊಂದು ಮಗು ಎನ್ನುತ್ತಿದ್ದ ಕಾನೂನು ಮಗುವಿಗೊಂದು ಮನೆ ಎನ್ನುವಲ್ಲಿಗೆ ಬಂದು ತಲುಪಿದೆ. ಗದ್ದುಗೆ ಹೋಯಿತು, ಗೋತ್ರ ಹೋಯಿತು, ಧರ್ಮದ ಗೋಡೆಯೂ ಹೋಯಿತು. ದತ್ತು ಅರ್ಜಿಯಲ್ಲಿ ಮಾತ್ರ ಇನ್ನೂ ಒಂದು ಅಂಕಣ ಉಳಿದಿದೆ: ಎಷ್ಟು ವಯಸ್ಸಿನ ಮಗು ಬೇಕು? ಅದನ್ನು ಯಾವ ತಿದ್ದುಪಡಿಯೂ ತುಂಬಲಾರದು. ತುಂಬಬೇಕಾದವರು ಅರ್ಜಿ ಹಾಕುವವರು.