ಪಂಪಿನ ಪಕ್ಕದ ಪುಟ್ಟ ಪ್ರೋಟೀನು: ಮೂತ್ರಪಿಂಡದ ಉಪ್ಪು–ಪೊಟ್ಯಾಸಿಯಂ ಸಮತೋಲದಲ್ಲಿ ಎಫ್‌ಎಕ್ಸ್‌ವೈಡಿ ಕುಟುಂಬ

ಮುಂಬೈನ ಮುಲುಂಡ್ ಪೂರ್ವದ ಮಿಠಾಗರ್ (ಉಪ್ಪಿನ ಆಗರ) ರಸ್ತೆಯ ಹೆಸರಲ್ಲೇ ಉಪ್ಪಿದೆ. ಉಪ್ಪಿನ ಆಗರದಲ್ಲಿ ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪು ಉಳಿಯುತ್ತದೆ. ಮೂತ್ರಪಿಂಡದ ಕೆಲಸ ಇದಕ್ಕಿಂತ ನಾಜೂಕು. ಅದು ದಿನಕ್ಕೆ ಸೋಸುವ ಸುಮಾರು 180 ಲೀಟರ್ ದ್ರವದಲ್ಲಿ ಒಂದೂವರೆ ಕಿಲೋದಷ್ಟು ಉಪ್ಪಿರುತ್ತದೆ. ಅದರ ಬಹುಪಾಲು ಮರಳಿ ರಕ್ತ ಸೇರಬೇಕು; ಊಟದಲ್ಲಿ ಬಂದ ಹೆಚ್ಚುವರಿ ಪೊಟ್ಯಾಸಿಯಂ ಹೊರಹೋಗಬೇಕು. ಎರಡಕ್ಕೂ ಆಧಾರ ಒಂದೇ ಸೋಡಿಯಂ–ಪೊಟ್ಯಾಸಿಯಂ ಪಂಪು. ಅದು ಮೂತ್ರಪಿಂಡದ ನಾಳಿಕೆಯ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಹದದಲ್ಲಿ ದುಡಿಯುವುದು ಹೇಗೆ ಎಂಬುದೇ ಈ ಲೇಖನದ ಪ್ರಶ್ನೆ.

ವಿಜ್ಞಾನಿ ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿ, 1997ರಲ್ಲಿ ನೊಬೆಲ್ ಪಡೆದ ಈ ಪಂಪು ಒಂದು ಎಟಿಪಿ ಅಣುವಿನ ವೆಚ್ಚದಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಜೀವಕೋಶದಿಂದ ಹೊರದಬ್ಬಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುತ್ತದೆ. ಇದಕ್ಕೆ ಅಂಟಿಕೊಂಡಿರುವವು ಪೊರೆಯನ್ನು ಒಮ್ಮೆ ಮಾತ್ರ ದಾಟುವ ಎಫ್‌ಎಕ್ಸ್‌ವೈಡಿ ಪ್ರೋಟೀನುಗಳು. ಸಸ್ತನಿಗಳಲ್ಲಿ ಏಳು ಬಗೆ.

ಅವುಗಳಲ್ಲಿ ಎರಡರ ನಡೆ ಪರಸ್ಪರ ವಿರುದ್ಧ. ಗಾಮಾ ಉಪಘಟಕವೆಂದೂ ಹೆಸರಾದ ಎಫ್‌ಎಕ್ಸ್‌ವೈಡಿ2 ಪಂಪಿನ ಸೋಡಿಯಂ ಒಲವನ್ನು, ಅಂದರೆ ಸೋಡಿಯಂ ಹಿಡಿದುಕೊಳ್ಳುವ ಸೆಳೆತವನ್ನು, ತಗ್ಗಿಸುತ್ತದೆ. ನಾಳಿಕೆಯ ಹೆನ್ಲೆ ಕುಣಿಕೆಯ ದಪ್ಪ ಏರುಭಾಗದಂಥ ಕಡೆ ಸೋಡಿಯಂ ಕೋಶದೊಳಕ್ಕೆ ಧಾರಾಳವಾಗಿ ಬರುತ್ತದೆ; ಅಲ್ಲಿ ಪಂಪು ಬೇಗನೆ ತುಂಬಿಹೋಗದೆ, ಬಂದ ಹೊರೆಗೆ ತಕ್ಕಂತೆ ವೇಗ ಹೆಚ್ಚಿಸಿಕೊಳ್ಳಬಲ್ಲದು. ಚಿಫ್ ಎಂಬ ಎಫ್‌ಎಕ್ಸ್‌ವೈಡಿ4 ಅದೇ ಒಲವನ್ನು ಏರಿಸುತ್ತದೆ. ಅದರ ನೆಲೆ ನಾಳಿಕೆಯ ಕೊನೆಯ ಸಂಗ್ರಾಹಕ ನಾಳ. ಅಲ್ಲಿ ಉಳಿದಿರುವುದು ಅಲ್ಪ ಸೋಡಿಯಂ. ಚುರುಕಾದ ಪಂಪು ಅದನ್ನೂ ರಕ್ತದ ಕಡೆಗೆ ಸಾಗಿಸುತ್ತದೆ, ಬದಲಿಗೆ ಕೋಶಕ್ಕೆ ಬಂದ ಪೊಟ್ಯಾಸಿಯಂ ಮೂತ್ರದ ಕಡೆಯ ದ್ವಾರಗಳಿಂದ ಸೋರಿಹೋಗುತ್ತದೆ. 1995ರಲ್ಲಿ ವರದಿಯಾದ ಚಿಫ್‌ಗೆ ಆ ಹೆಸರು ಬಂದದ್ದೂ ಕಾರ್ಟಿಕೋಸ್ಟಿರಾಯ್ಡ್ ಹಾರ್ಮೋನುಗಳಿಂದ ಅದು ಪ್ರೇರಿತವಾಗುವುದರಿಂದಲೇ.

ಸಾಕ್ಷ್ಯವನ್ನು ಅಳತೆ ಮೀರಿ ಹಿಗ್ಗಿಸಬಾರದು. ಚಿಫ್ ಇಲ್ಲದ ಇಲಿಗಳು ಬದುಕುತ್ತವೆ. ಪೊಟ್ಯಾಸಿಯಂ ಹೇರಿದಾಗಷ್ಟೇ ಅವುಗಳ ಕೊರತೆ ಎದ್ದು ಕಾಣುತ್ತದೆ. ಮನುಷ್ಯರಲ್ಲಿ ಎಫ್‌ಎಕ್ಸ್‌ವೈಡಿ2ರ 41ನೇ ಗ್ಲೈಸೀನ್ ಆರ್ಜಿನೀನ್ ಆದರೆ ಮೂತ್ರದಲ್ಲಿ ಮೆಗ್ನೀಸಿಯಂ ಪೋಲಾಗುತ್ತದೆಂದು 2000ದಲ್ಲಿ ತಿಳಿಯಿತು. ಅಂದರೆ ಈ ಪುಟ್ಟ ಪ್ರೋಟೀನುಗಳು ಸಮತೋಲವನ್ನು ಹುಟ್ಟಿಸುವುದಿಲ್ಲ, ಹದಗೊಳಿಸುತ್ತವೆ. ಅವುಗಳ ಬೆಲೆ ತಿಳಿಯುವುದು ಒತ್ತಡ ಬಿದ್ದಾಗ.

ಅಂಥ ಒತ್ತಡ ಅಡುಗೆಮನೆಯಿಂದಲೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಪೊಟ್ಯಾಸಿಯಂ ಬೆರೆತ ಕಡಿಮೆ ಸೋಡಿಯಂ ಉಪ್ಪನ್ನು ಶಿಫಾರಸು ಮಾಡುವಾಗ ಮೂತ್ರಪಿಂಡ ಕುಂದಿದವರನ್ನು ಹೊರಗಿಟ್ಟಿತು. ಆರೋಗ್ಯವಂತರಿಗೆ ಹಿತವಾದ, ಪೊಟ್ಯಾಸಿಯಂ ಹೆಚ್ಚಿರುವ ಎಳನೀರಿನ ಬಗ್ಗೆಯೂ ಅಂಥ ರೋಗಿಗಳು ವೈದ್ಯರನ್ನು ಕೇಳಬೇಕಾಗುವುದು ಇದೇ ಕಾರಣಕ್ಕೆ: ಪೊಟ್ಯಾಸಿಯಂ ಹೊರಹಾಕುವ ನೆಫ್ರಾನುಗಳೇ (ಮೂತ್ರಪಿಂಡದ ಸೋಸುವ ಘಟಕಗಳೇ) ಕಡಿಮೆಯಾದಾಗ, ಪಂಪಿನ ಹದ ಎಷ್ಟು ನಾಜೂಕಾಗಿದ್ದರೂ ಸಾಲದು.