ಗಾಜಿನ ಪೆಟ್ಟಿಗೆಯೊಳಗಿನ ನಾಯಿ

ಮುಂಬೈಯಲ್ಲಿರುವವರಿಗೆ ಅಕ್ಟೋಬರ್ ಸೆಕೆ ಏನು ಅಂತ ವಿವರಿಸಬೇಕಾಗಿಲ್ಲ. ಮಳೆ ಹೋಗಿರುತ್ತದೆ, ಚಳಿಗಾಲ ಇನ್ನೂ ದೂರ. ಅಂಥದೊಂದು ಮಧ್ಯಾಹ್ನ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಬೆಲ್ ಒತ್ತಿದ. ವಿಜಾಪುರದ ಕಡೆಯವನು, ಇಡೀ ಬಿಲ್ಡಿಂಗಿನಲ್ಲಿ ನನ್ನೊಡನೆ ಮಾತ್ರ ಕನ್ನಡ ಆಡುವವನು. "ಸಾಹೇಬ್ರ, ಕೆಳಗ ಒಂದ್ ಕಾರಿನ್ಯಾಗ ನಾಯಿ ಐತ್ರಿ. ಭಾಳ ತೇಕಾಕತ್ತೈತಿ, ಬಂದು ನೋಡ್ರಿ ಒಂದೀಟು" ಅಂದ.

ಹೋಗಿ ನೋಡಿದೆ. ಯಾರೋ ಅತಿಥಿಯ ಕಾರು, ಹಿಂದಿನ ಸೀಟಿನಲ್ಲಿ ಲ್ಯಾಬ್ರಡಾರ್. ಕಿಟಕಿಯ ಗಾಜು ಎರಡು ಬೆರಳಿನಷ್ಟು ಇಳಿದಿತ್ತು. ಸೀಟೆಲ್ಲ ಜೊಲ್ಲಿನಿಂದ ಒದ್ದೆ. ಯಜಮಾನನನ್ನು ಹುಡುಕಿ ಕರೆತರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಯಿತು. ಆತ ಸಿಟ್ಟಾಗಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟ. "ಗಾಜು ತೆರೆದೇ ಇತ್ತಲ್ಲ, ನೆರಳಲ್ಲೇ ನಿಲ್ಲಿಸಿದ್ದೆನಲ್ಲ" ಅಂದ. ಅವನು ನಿಲ್ಲಿಸಿದಾಗ ಇದ್ದ ನೆರಳು ಅಷ್ಟು ಹೊತ್ತಿಗೆ ಪಕ್ಕದ ಕಾರಿನ ಮೇಲಿತ್ತು.

ಕೆಟ್ಟ ಮನುಷ್ಯನಲ್ಲ. ನಾಯಿಯನ್ನು ತಬ್ಬಿಕೊಂಡು ಅತ್ತೂಬಿಟ್ಟ. ಹಾಗಾದರೆ ಈ ವಿಷಯ ನಮಗೆ ಎಂದಿನಿಂದ ಗೊತ್ತು, ಗೊತ್ತಿದ್ದೂ ಯಾಕೆ ಗೊತ್ತಿಲ್ಲ ಅನ್ನುವ ಹುಳ ಅಂದಿನಿಂದ ತಲೆ ಹೊಕ್ಕಿತು. ಹುಡುಕುತ್ತಾ ಹೋದರೆ ಕಾರು ಹುಟ್ಟುವುದಕ್ಕಿಂತ ನೂರು ವರ್ಷ ಹಿಂದಕ್ಕೆ ಹೋಗಿ ಬಿದ್ದೆ.

1767ರಲ್ಲಿ ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಎಂಬ ವಿಜ್ಞಾನಿ ಒಂದರೊಳಗೊಂದು ಗಾಜಿನ ಪೆಟ್ಟಿಗೆಗಳನ್ನು ಕೂರಿಸಿ ಬಿಸಿಲಿಗಿಟ್ಟ. ಒಳಗಿನ ಪೆಟ್ಟಿಗೆ ಸುಮಾರು 88 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆಮೇಲೆ ಇನ್ನೂ ಚೆನ್ನಾಗಿ ಮಾಡಿದ ಪೆಟ್ಟಿಗೆಯಲ್ಲಿ ನೀರು ಕುದಿಯುವ ಮಟ್ಟವನ್ನೂ ದಾಟಿತು. ನನಗೆ ಹಿಡಿಸಿದ್ದು ಅವನ ಮುಂದಿನ ಕೆಲಸ. ಈ ಪೆಟ್ಟಿಗೆಯನ್ನು ಆಲ್ಪ್ಸ್‌ನ ಕ್ರಾಮೊಂ ಬೆಟ್ಟದ ಮೇಲಕ್ಕೆ ಹೊತ್ತೊಯ್ದ. ಮೇಲೆ ಹವೆ ಕೇವಲ ಆರು ಡಿಗ್ರಿಯ ಆಸುಪಾಸು, ಮೈ ನಡುಗುವ ಚಳಿ. ಕೆಳಗಿನ ಬಯಲಿನಲ್ಲಿ ಸುಮಾರು 25. ಪೆಟ್ಟಿಗೆಯ ಒಳಗಿನ ಬಿಸಿ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ! ಹೊರಗೆ ತಂಪಿದ್ದರೆ ಒಳಗೂ ತಂಪು ಅನ್ನುವ ನಮ್ಮ ಲೆಕ್ಕ ತಪ್ಪೆಂದು ಅಂದೇ ಗೊತ್ತಾಗಿತ್ತು.

ಇನ್ನೊಂದು ಪ್ರಯೋಗ 1774ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯ ತನ್ನ ಗೆಳೆಯರೊಡನೆ ಕಾದ ಕೋಣೆಯೊಳಗೆ ಹೊಕ್ಕು ಮನುಷ್ಯ ಎಷ್ಟು ಬಿಸಿ ತಡೆಯಬಲ್ಲ ಎಂದು ನೋಡುತ್ತಿದ್ದ. ಗೆಳೆಯರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಹೋಗಿ ಬಂದಿದ್ದ ಜೋಸೆಫ್ ಬ್ಯಾಂಕ್ಸ್ ಕೂಡ ಇದ್ದ. ಆ ಕೋಣೆಯಲ್ಲಿ ಮೊಟ್ಟೆ ಬೆಂದಿತು, ಮಾಂಸದ ತುಂಡೂ ಬೆಂದಿತು, ಮನುಷ್ಯರು ಬೇಯಲಿಲ್ಲ. ಆಮೇಲೆ 32 ಪೌಂಡ್ ತೂಕದ ಒಂದು ಹೆಣ್ಣುನಾಯಿಯ ಸರದಿ. ನೆಲದ ಬಿಸಿಗೆ ಕಾಲು ಸುಡಬಾರದೆಂದು ಬುಟ್ಟಿಯಲ್ಲಿ ಕೂರಿಸಿದರು. ಕೋಣೆಯ ಬಿಸಿ 104 ಡಿಗ್ರಿ ಸೆಲ್ಸಿಯಸ್‌ನಿಂದ 113ಕ್ಕೆ ಏರಿತು. ಹತ್ತು ನಿಮಿಷಕ್ಕೆ ನಾಯಿ ನಾಲಿಗೆ ಹೊರಚಾಚಿ ತೇಕತೊಡಗಿತು. ಹತ್ತಿರ ಹೋದವರನ್ನು ಕಂಡು ಖುಷಿಪಟ್ಟಿತು ಎಂದೂ ಬರೆದಿದ್ದಾನೆ ಪುಣ್ಯಾತ್ಮ. ಅರ್ಧ ಗಂಟೆಯ ನಂತರ ಬುಟ್ಟಿ ತೆರೆದರೆ ತಳವೆಲ್ಲ ಜೊಲ್ಲಿನಿಂದ ತೊಯ್ದಿತ್ತು. ನಾಯಿ ಬದುಕಿತ್ತು.

ಇಲ್ಲಿ ನಾನು ಗಾಬರಿಯಾದೆ. 113 ಡಿಗ್ರಿಯಲ್ಲಿ ಬದುಕಿದ ಪ್ರಾಣಿ 50 ಡಿಗ್ರಿಯ ಕಾರಿನಲ್ಲಿ ಯಾಕೆ ಸಾಯಬೇಕು?

ಉತ್ತರ ಆ ಒದ್ದೆ ಬುಟ್ಟಿಯಲ್ಲೇ ಇದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಂಜದ ಅಡಿಯಲ್ಲಿ ಒಂದಿಷ್ಟು, ಅಷ್ಟೇ. ಅದು ತಂಪಾಗುವುದು ತೇಕುವುದರಿಂದ. ಮೂಗು ಬಾಯಿಯ ತೇವ ಆವಿಯಾದಂತೆಲ್ಲ ಶಾಖ ಹೊರಹೋಗುತ್ತದೆ. ಪ್ಯಾರಿಸ್ಸಿನ ಶಾರ್ಲ್ ರಿಶೆ (ಮುಂದೆ 1913ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಪಡೆದವನು) ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಸ್ಪಷ್ಟಮಾಡಿದ. ತೇಕದಂತೆ ಬಾಯಿ ಕಟ್ಟಿದರೆ ನಾಯಿಯ ಮೈ ಬಿಸಿ ಏರುತ್ತಲೇ ಹೋಗುತ್ತದೆ. ಬ್ಲಾಗ್ಡನ್‌ನ ಕೋಣೆ ಒಣ ಕೋಣೆ, ನಾಯಿ ಬಿಟ್ಟ ತೇವವನ್ನು ಅದು ಹೀರಿಕೊಳ್ಳುತ್ತಿತ್ತು. ಕಾರು ಸಣ್ಣ ಡಬ್ಬಿ. ತೇಕಿದಷ್ಟೂ ಒಳಗಿನ ಗಾಳಿ ತೇವವಾಗುತ್ತದೆ, ತೇವವಾದಷ್ಟೂ ತೇಕಿ ಪ್ರಯೋಜನವಿಲ್ಲ. ಮುಂಬೈ, ಚೆನ್ನೈಯಂಥ ಕಡಲ ಊರಲ್ಲಂತೂ ಬಾಗಿಲು ಹಾಕುವ ಮೊದಲೇ ಗಾಳಿ ಅರ್ಧಕ್ಕಿಂತ ಹೆಚ್ಚು ತೇವ. ನಾಯಿಯ ಸಹಜ ಮೈಬಿಸಿ 38–39 ಡಿಗ್ರಿ. 41 ದಾಟಿದರೆ ಪ್ರಾಣಾಪಾಯ. ನಡುವೆ ಇರುವುದು ಎರಡೋ ಮೂರೋ ಡಿಗ್ರಿ.

ಮೊದಲ ಕಾರುಗಳಲ್ಲಿ ಈ ತೊಂದರೆ ಇರಲಿಲ್ಲ. ಅವು ಕುದುರೆಗಾಡಿಯ ತಮ್ಮಂದಿರು, ಸುತ್ತ ಬಯಲು. ಅಮೆರಿಕದಲ್ಲಿ 1919ರಲ್ಲಿ ಹತ್ತಕ್ಕೆ ಒಂಬತ್ತು ಕಾರುಗಳು ತೆರೆದವೇ. 1927ರ ಹೊತ್ತಿಗೆ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮುಚ್ಚಿದವು. ಎಂಟೇ ವರ್ಷದಲ್ಲಿ ಗಾಡಿ ಹೋಗಿ ಸೊಸ್ಯೂರನ ಪೆಟ್ಟಿಗೆ ಬಂತು. ನಮ್ಮಲ್ಲಿ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಮುಂದಿನ ಬಾಗಿಲಿಗೆ ತಿರುಗಿಸುವ ಆ ತ್ರಿಕೋನ ಗಾಜು ಇರುತ್ತಿತ್ತು, ನೆನಪಿದೆಯೇ? ಕಾರು ಓಡುವಾಗ ಎಂಥ ಗಾಳಿ! ಎಸಿ ಬಂದ ಮೇಲೆ ಗಾಜು ಏರಿಸಿಯೇ ಇರುವುದು ನಮಗೆ ಅಭ್ಯಾಸವಾಯಿತು. ಈಗಷ್ಟೇ ಎಸಿಯಲ್ಲಿ ಕೂತಿದ್ದವನಿಗೆ ತಾನು ಬಿಟ್ಟುಹೋದದ್ದು ತಂಪಾದ ಕಾರು ಎಂದೇ ಭ್ರಮೆ.

ಈ ಭ್ರಮೆಯನ್ನು ಅಳೆದವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, 2005ರಲ್ಲಿ. ಅವರ ಚಿಂತೆ ಕಾರಿನಲ್ಲಿ ಉಳಿದ ಮಕ್ಕಳದು. ಹೊರಗೆ 22ರಿಂದ 36 ಡಿಗ್ರಿ ಇದ್ದ ದಿನಗಳಲ್ಲಿ, ಒಂದು ಗಂಟೆಯಲ್ಲಿ ಕಾರಿನ ಒಳಬಿಸಿ ಸರಾಸರಿ 22 ಡಿಗ್ರಿಯಷ್ಟು ಏರಿತು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಸ್ವಲ್ಪ ಇಳಿಸಿದರೆ? ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಮ್ಮ ಅತಿಥಿಯ ಎರಡು ಬೆರಳು ಅಲ್ಲಿಗೆ ಮುಗಿಯಿತು.

ಪಳಗಿದವರಿಗೂ ಇದು ಬಿಟ್ಟದ್ದಲ್ಲ. 2009ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪೊಲೀಸರ ಎರಡು ಜರ್ಮನ್ ಶೆಫರ್ಡ್‌ಗಳು ಕಾರಿನೊಳಗೆ ಸತ್ತವು. 2011ರಲ್ಲಿ ಲಂಡನ್ ಪೊಲೀಸರ ಇನ್ನೆರಡು. ದಿನವೂ ನಾಯಿಯೊಡನೆ ಬದುಕುವ, ಅದಕ್ಕೆಂದೇ ತರಬೇತಾದ ಜನ ಅವರು. ಮೊದಲನೆಯ ಪ್ರಕರಣದಲ್ಲಿ ನ್ಯಾಯಾಲಯ ಆ ಪೊಲೀಸನನ್ನು ತಪ್ಪಿತಸ್ಥ ಎಂದಿತು. ಕ್ಯಾಲಿಫೋರ್ನಿಯಾ 2006ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾನೂನು ಮಾಡಿತು, ಹತ್ತು ವರ್ಷದ ಮೇಲೆ, ಬೇರೆ ದಾರಿ ಇಲ್ಲದಾಗ ಗಾಜು ಒಡೆದು ಪ್ರಾಣಿಯನ್ನು ಉಳಿಸಿದವರಿಗೂ ರಕ್ಷಣೆ ಕೊಟ್ಟಿತು.

ನಮ್ಮ ದೇಶದ ಕಥೆ ಬೇರೆ. ಬೀದಿನಾಯಿ ಕೊಲ್ಲುವುದನ್ನು ವಿರೋಧಿಸಿ 1832ರಲ್ಲೇ ಪಾರಸಿಗಳು ದಂಗೆಯೆದ್ದ ಊರು ಈ ಮುಂಬೈ. ಪ್ರಾಣಿಗಳಿಗಾಗಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದವರು ಚೆನ್ನೈಯ ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್. ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು, ಸರ್ಕಾರದ ಕಾಯ್ದೆ 1960ರಲ್ಲಿ ಬಂತು. ಪ್ರಾಣಿಗೆ ಅನಗತ್ಯ ನೋವು ಕೊಡುವುದು ಅದರ 11ನೆಯ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ಮೀರದಂತೆ. 1960ರಲ್ಲಿ ಐವತ್ತು ರೂಪಾಯಿ ದೊಡ್ಡ ಮೊತ್ತವೇ. ಅಂಕಿ ಈಗಲೂ ಅದೇ ಇದೆ. ಮುಂಬೈಯ ಮಾಲ್‌ನಲ್ಲಿ ಒಂದು ಗಂಟೆ ಕಾರು ನಿಲ್ಲಿಸುವುದಕ್ಕೇ ಅದು ಸಾಲದೆ ಹೋಗಬಹುದು.

ಆ ಲ್ಯಾಬ್ರಡಾರ್ ಬದುಕಿತು. ನೀರು ಹನಿಸಿ, ಲಿಫ್ಟಿನ ಪಕ್ಕದ ಫ್ಯಾನ್ ಕೆಳಗೆ ಮಲಗಿಸಿ, ಆಮೇಲೆ ಡಾಕ್ಟರ ಹತ್ತಿರ ಒಯ್ದರು. ನಮ್ಮ ವಾಚ್‌ಮನ್ ಮಾತ್ರ ಈಗ ಹೊರಗಿನ ಕಾರು ಬಂದರೆ ರಿಜಿಸ್ಟರಿನಲ್ಲಿ ನಂಬರ್ ಬರೆಯುವ ಮೊದಲು ಹಿಂದಿನ ಗಾಜಿಗೆ ಎರಡೂ ಕೈ ಅಡ್ಡ ಹಿಡಿದು ಒಳಗೆ ಇಣುಕುತ್ತಾನೆ. ಕೆಲವರು ಗದರುತ್ತಾರೆ. "ಇರ್‍ಲಿ ಬಿಡ್ರಿ ಸಾಹೇಬ್ರ" ಅನ್ನುತ್ತಾನೆ.