ಪರೀಕ್ಷಾ ವರದಿಯೆಂಬ ಆಕರ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಈ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟದ್ದು ಈಚೆಗೆ. ಹೀಗಾಗಿ 1918ರ ಇನ್‌ಫ್ಲುಯೆಂಜಾ ಕುರಿತು ಶೋಧಿಸುವವರು ಎರಡು ಹಳೆಯ ಜಿಲ್ಲೆಗಳ ಕಡತಗಳನ್ನು ನೋಡಬೇಕಾಗುತ್ತದೆ. 2020ರ ಕೋವಿಡ್‌ಗೆ ಆ ತೊಡಕಿಲ್ಲ. ಪರೀಕ್ಷೆಗಳ ವರದಿಗಳೇ ಇವೆ. ಆದರೆ ಅವನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನಂಬಬಹುದೆಂಬುದು ವಿಚಾರಾರ್ಹ.

ಪ್ರಯೋಗಾಲಯ ಎಡವಿದ್ದು ಹೊಸತೇನಲ್ಲ. 1918ರಲ್ಲಿ ಫೈಫರನ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯವೇ ರೋಗಕಾರಕವೆಂದು ಅನೇಕ ವಿಜ್ಞಾನಿಗಳು ಭಾವಿಸಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಪ್ರತ್ಯೇಕಿಸಿದ್ದು 1933ರಲ್ಲಿ.

ಕೋವಿಡ್ ಕಾಲದಲ್ಲಿ ಕಾರಣ ತಿಳಿದಿತ್ತು, ಸಂದೇಹ ಉಳಿದದ್ದು ಪರೀಕ್ಷೆಯ ಮಿತಿಯಲ್ಲಿ. 2020ರ ಏಪ್ರಿಲ್‌ನಲ್ಲಿ ಎರಡು ಚೀನೀ ಕಂಪನಿಗಳ ರಕ್ತಪರೀಕ್ಷಾ ಕಿಟ್‌ಗಳನ್ನು ಬಳಸದಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಜ್ಯಗಳಿಗೆ ಸೂಚಿಸಿತು. ಜೂನ್‌ನಲ್ಲಿ ಅದೇ ಮಂಡಳಿ ಒಪ್ಪಿದ ತ್ವರಿತ ಆಂಟಿಜೆನ್ ಪರೀಕ್ಷೆಯು ಸೋಂಕಿತರನ್ನು ಗುರುತಿಸುವ ಪ್ರಮಾಣ ಶೇ. 50.6ರಿಂದ 84ರವರೆಗೆ ಇತ್ತು. ನೂರು ಮಂದಿ ಸೋಂಕಿತರಲ್ಲಿ ಹದಿನಾರರಿಂದ ನಲವತ್ತೊಂಬತ್ತು ಮಂದಿ ಅದರ ಕಣ್ತಪ್ಪಿ ಹೋಗಬಹುದಿತ್ತು. ಆದ್ದರಿಂದಲೇ ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಬೇಕೆಂಬ ಸೂಚನೆಯೂ ಜೊತೆಗಿತ್ತು. ಆರ್‌ಟಿ-ಪಿಸಿಆರ್ ಇದಕ್ಕಿಂತ ಸೂಕ್ಷ್ಮ. ಆದರೂ ಮೂಗಿನಿಂದ ದ್ರವ ತೆಗೆದ ಕೈ, ಸೋಂಕು ತಗಲಿ ಕಳೆದ ದಿನಗಳು, ಮಾದರಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಸಾಗಿಸಿದ ಎಚ್ಚರ, ಇವೆಲ್ಲ ಫಲಿತಾಂಶದಲ್ಲಿ ಸೇರಿಕೊಳ್ಳುತ್ತವೆ. ‘ನೆಗೆಟಿವ್’ ಎಂದರೆ ಆ ಮಾದರಿಯಲ್ಲಿ ವೈರಾಣು ಸಿಗಲಿಲ್ಲವೆಂದಷ್ಟೇ ಅರ್ಥ. ಜನರ ಮಾತಿನಲ್ಲಿ ಅದು ‘ರೋಗವಿಲ್ಲ’ ಎಂದಾಯಿತು.

ಇಲ್ಲಿ ಜಾನಪದ ಅಧ್ಯಯನಕ್ಕೆ ಪರಿಚಿತವಾದ ಹೊರಬೀಡನ್ನು ನೆನೆಯಬಹುದು. ಊರಿಗೆ ಬೇನೆ ಬಂದಾಗ ಮನೆಗಳಿಗೆ ಬೀಗ ಹಾಕಿ, ದನಕರುಗಳೊಡನೆ ಊರ ಹೊರಗೆ ಬೀಡುಬಿಡುವ ಈ ಪದ್ಧತಿ ಮಧ್ಯ ಕರ್ನಾಟಕದಲ್ಲಿ ಆಚರಣೆಯಾಗಿ ಉಳಿದುಬಂದಿದೆ. ಅದು ಯಾರನ್ನೂ ಪರೀಕ್ಷಿಸುತ್ತಿರಲಿಲ್ಲ, ಎಲ್ಲರನ್ನೂ ಶಂಕಿಸುತ್ತಿತ್ತು. ರೋಗವಿಲ್ಲದವರೂ ಬಯಲಿನಲ್ಲಿ ಕಷ್ಟಪಡಬೇಕಿತ್ತು. ಇದನ್ನು ಪೂರ್ವಜರ ವಿಜ್ಞಾನವೆಂದು ಹೊಗಳುವ ಆತುರ ನನಗಿಲ್ಲ. ಆದರೆ ಅದರ ತಪ್ಪು ಆಂಟಿಜೆನ್ ಪರೀಕ್ಷೆಯ ತಪ್ಪಿಗೆ ವಿರುದ್ಧ ದಿಕ್ಕಿನದು ಎಂಬುದು ಗಮನಾರ್ಹ.

ಈ ಪ್ರಶ್ನೆ ಕೇವಲ ವಿದ್ವತ್ತಿನದಲ್ಲ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಅನುಮೋದನೆಯಂತೆ ಮೃತರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಸಾವು ಕೋವಿಡ್‌ನಿಂದಲೇ ಎನ್ನಲು ಪಾಸಿಟಿವ್ ವರದಿ ಅಥವಾ ಆಸ್ಪತ್ರೆಯ ವೈದ್ಯಕೀಯ ನಿರ್ಣಯ ಬೇಕಿತ್ತು. ಪರೀಕ್ಷೆಯಾಗದೆ, ಇಲ್ಲವೇ ತಪ್ಪು ನೆಗೆಟಿವ್ ವರದಿ ಹಿಡಿದು ಮನೆಯಲ್ಲೇ ತೀರಿಕೊಂಡವರ ಬಳಿ ಇವೆರಡೂ ಇರುವುದಿಲ್ಲ. ಅಂಕಿಪಟ್ಟಿಯನ್ನಷ್ಟೇ ನಂಬುವ ಚರಿತ್ರೆಕಾರನೂ ಅವರನ್ನು ಕಾಣಲಾರ.

ಹಾಗೆಂದು ಬಾಯ್ಮಾತನ್ನೇ ಪ್ರಮಾಣವಾಗಿಸಲಾಗದು. ಆ ವರ್ಷಗಳ ಎಲ್ಲ ಸಾವನ್ನೂ ನೆನಪು ಕೋವಿಡ್‌ಗೆ ಕಟ್ಟಬಹುದು. ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡುವವರು ಯಾವ ಪರೀಕ್ಷೆ, ಜ್ವರ ಬಂದ ಎಷ್ಟನೆಯ ದಿನ, ಮರುಪರೀಕ್ಷೆ ನಡೆಯಿತೇ, ಅದೇ ಮನೆಯಲ್ಲಿ ಬೇರೆ ಯಾರಿಗೆ ಜ್ವರವಿತ್ತು ಎಂಬುದನ್ನು ಮನೆಯವರ ಹೇಳಿಕೆಯ ಪಕ್ಕದಲ್ಲೇ ಬರೆದುಕೊಳ್ಳಬೇಕು. ಆ ವರ್ಷಗಳನ್ನು ಕಂಡವರು ಇನ್ನೂ ನಮ್ಮೊಡನಿದ್ದಾರೆ.